ನರಿಯ ಮೇಲಣ ಅಪವಾದ

ಪ್ರಾಣಿಕೋಟಿಯಲ್ಲಿ ನರಿಯಷ್ಟು ಅಪಕೀರ್ತಿಯನ್ನು ಹೊತ್ತ ಜೀವಿ ಮತ್ತೊಂದಿರಲಾರದು. ವಂಚಕನನ್ನು ಹಳಿಯಬೇಕಾದಾಗ ನಾವು ‘ನರಿಬುದ್ಧಿ’ಯವನೆನ್ನುತ್ತೇವೆ. ಈ ಮಾತು ಎಷ್ಟರ ಮಟ್ಟಿಗೆ ನ್ಯಾಯವಾದುದೆಂದು ವಿಚಾರಿಸುವವರು ವಿರಳ.

ಮೊದಲಿಗೆ ಹೆಸರಿನಲ್ಲಿಯೇ ಒಂದು ಗೊಂದಲವುಂಟು. ಪಂಚತಂತ್ರದ ಕರಟಕ ದಮನಕರು ಶೃಗಾಲಗಳು. ಈಸೋಪನ ಕಥೆಗಳ ನರಿಯಾದರೋ ಬೇರೆ ಜಾತಿಯದು. ಅದು ಯೂರೋಪಿನ ಕೆಂಪು ನರಿ. ಕನ್ನಡದಲ್ಲಿ ಎರಡನ್ನೂ ನರಿಯೆಂದೇ ಕರೆಯುವುದರಿಂದ ಒಂದರ ಅಪವಾದವು ಇನ್ನೊಂದರ ತಲೆಗೂ ಬಿದ್ದಿದೆ. ಈ ಕೆಂಪು ನರಿಯು ಯೂರೋಪು, ಏಷ್ಯಾ, ಉತ್ತರ ಅಮೆರಿಕಗಳಲ್ಲೆಲ್ಲ ಹರಡಿದೆ; ನಮ್ಮ ದೇಶದ ಲಡಾಖ್, ಕಾಶ್ಮೀರ ಮತ್ತು ರಾಜಸ್ಥಾನದ ಮರುಭೂಮಿಯಲ್ಲಿಯೂ ಇದೆ.

ಹಿಮದಲ್ಲಿಯೂ ಮರಳಿನಲ್ಲಿಯೂ ಅದು ಬಾಳಬಲ್ಲುದಕ್ಕೆ ಕಾರಣವೇನು? ಇಂಥದೇ ಆಹಾರ ಬೇಕೆಂಬ ಹಟ ಅದಕ್ಕಿಲ್ಲ. ಇಲಿ, ಮೊಲ, ಎರೆಹುಳು, ಜೀರುಂಡೆ, ಬಿದ್ದ ಹಣ್ಣು, ಯಾವುದಾದರೂ ಸರಿಯೆ. ಹಿಮದಡಿಯಲ್ಲಿ ಓಡಾಡುವ ಇಲಿಯ ಸಪ್ಪಳವನ್ನು ಕಿವಿಯಿಂದಲೇ ಗುರುತಿಸಿ, ಮೇಲಕ್ಕೆ ನೆಗೆದು, ಮುಂಗಾಲುಗಳಿಂದ ಅದನ್ನು ಅದುಮಿ ಹಿಡಿಯುತ್ತದೆ. ಇದನ್ನು ಕಪಟವೆನ್ನುವುದಕ್ಕಿಂತ ಶ್ರಮವೆನ್ನುವುದೇ ಸರಿ.

ಅದರ ಸಂಸಾರವೂ ನಿಂದೆಗೆ ಅರ್ಹವಾದುದಲ್ಲ. ಮರಿಗಳು ಕಣ್ಣು ತೆರೆಯದೆ ಹುಟ್ಟುತ್ತವೆ. ಮೊದಲ ಎರಡು ವಾರ ತಾಯಿಯು ಬಿಲವನ್ನು ಬಿಟ್ಟು ಕದಲುವುದು ಅಪರೂಪ. ಗಂಡು ನರಿಯೇ ಅದಕ್ಕೆ ಆಹಾರವನ್ನು ತಂದೊಪ್ಪಿಸುತ್ತದೆ. ಕೆಲವು ಕುಟುಂಬಗಳಲ್ಲಿ ಹಿಂದಿನ ಸೂಲಿನ ಹೆಣ್ಣುಮಕ್ಕಳು ಕಿರಿಯ ಮರಿಗಳ ಪಾಲನೆಯಲ್ಲಿ ನೆರವಾಗುತ್ತವೆ.

ಕೋಳಿಗೂಡನ್ನು ಹೊಕ್ಕ ನರಿಯು ಒಂದನ್ನು ತಿಂದು ಹಲವನ್ನು ಕೊಲ್ಲುವುದೆಂಬ ಆರೋಪವು ಸುಳ್ಳಲ್ಲ. ಆದರೆ ಮಿಕ್ಕ ಆಹಾರವನ್ನು ಮಣ್ಣಿನಲ್ಲಿ ಹೂತಿಟ್ಟು, ಹಸಿವಾದಾಗ ತೆಗೆದು ತಿನ್ನುವುದು ಅದರ ಸ್ವಭಾವ. ಬಯಲಿನಲ್ಲಿ ಒಂದು ಹಕ್ಕಿಯನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗುತ್ತವೆ. ಮುಚ್ಚಿದ ಗೂಡಿನ ಕೋಳಿಗಳಿಗೆ ಹಾದಿಯಿಲ್ಲ. ನರಿಯ ಕೂಡಿಡುವ ಬುದ್ಧಿಯು ಅಲ್ಲಿ ಕ್ರೌರ್ಯವಾಗಿ ತೋರುತ್ತದೆ.

ಮನುಷ್ಯನ ನಡತೆಯನ್ನೂ ಇದರೊಡನೆ ತೂಗಿ ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ವಲಸೆಗಾರರು ಬೇಟೆಯ ವಿನೋದಕ್ಕಾಗಿ ಈ ನರಿಯನ್ನು ಆಸ್ಟ್ರೇಲಿಯಕ್ಕೆ ಕೊಂಡೊಯ್ದರು. ಅಲ್ಲಿನ ಹಲವು ಸಣ್ಣ ಪ್ರಾಣಿಗಳ ಅಳಿವಿಗೆ ಅದೂ ಒಂದು ಕಾರಣವಾಯಿತು. ಅಲ್ಲಿ ಅದನ್ನು ಹದ್ದಿನಲ್ಲಿಡುವುದು ಅಗತ್ಯವೇ. ಆದರೆ ಅದನ್ನು ಹಡಗು ಹತ್ತಿಸಿದವರನ್ನು ನಾವು ಯಾವ ಪ್ರಾಣಿಯ ಹೆಸರಿನಿಂದ ಕರೆಯೋಣ?

ಇನ್ನೊಂದು ನಿದರ್ಶನವು ಸಂತೋಷದಾಯಕವಾದುದು. ಯೂರೋಪಿನಲ್ಲಿ ನರಿಗಳ ಮೂಲಕ ರೇಬೀಸ್ ರೋಗವು ಹರಡಿದಾಗ ಅವುಗಳನ್ನು ಹೇರಳವಾಗಿ ಕೊಂದರು, ರೋಗ ನಿಲ್ಲಲಿಲ್ಲ. 1978ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕೋಳಿಯ ತಲೆಗಳಲ್ಲಿ ಲಸಿಕೆಯನ್ನಿಟ್ಟು ಕಾಡಿನಲ್ಲಿ ಎಸೆದರು. ನರಿಗಳು ಅದನ್ನು ತಿಂದು ರೋಗದಿಂದ ಪಾರಾದವು. 1999ರಲ್ಲಿ ಆ ದೇಶವು ರೇಬೀಸ್‌ಮುಕ್ತವೆಂದು ಘೋಷಿತವಾಯಿತು. ಕೋವಿಯಿಂದಾಗದ ಕಾರ್ಯವು ನರಿಯ ಸ್ವಭಾವವನ್ನು ಅರಿತುದರಿಂದ ಸಾಧ್ಯವಾಯಿತು.

ಕಥೆಗಳನ್ನು ಪಠ್ಯದಿಂದ ತೆಗೆದುಹಾಕಬೇಕೆಂಬುದು ನನ್ನ ವಾದವಲ್ಲ. ಕಥೆಯ ನರಿಯು ವೇಷ ಹಾಕಿದ ಮನುಷ್ಯನೇ ಹೊರತು ಬೇರೆಯಲ್ಲ. ಆ ಪಾಠವು ಮುಗಿದ ಬಳಿಕ ನಿಜವಾದ ನರಿಯ ಪಾಠವೂ ನಡೆಯಲಿ ಎಂಬುದಷ್ಟೇ ನನ್ನ ಬಿನ್ನಹ. ಹಲವು ಪ್ರಾಂತಗಳವರು ಒಂದೇ ಚಾಳಿನಲ್ಲಿ ಬಾಳುವ ನಮ್ಮ ಮುಂಬಯಿಯಲ್ಲಿ ಇದು ಕೇವಲ ಪ್ರಾಣಿಶಾಸ್ತ್ರದ ವಿಷಯವಾಗಿ ಉಳಿಯುವುದಿಲ್ಲ. ಇಂಥ ಭಾಷೆಯವರು ಜಿಪುಣರು, ಇಂಥ ಊರಿನವರು ಕಪಟಿಗಳು ಎಂಬ ಮಾತುಗಳು ಮಕ್ಕಳ ಕಿವಿಗೆ ದಿನವೂ ಬೀಳುತ್ತವೆ. ನರಿಯ ವಿಷಯದಲ್ಲಿ ಪರೀಕ್ಷಿಸದೆ ತೀರ್ಪು ಕೊಡಬಾರದೆಂದು ಕಲಿತ ವಿದ್ಯಾರ್ಥಿಯು ನೆರೆಮನೆಯವನ ವಿಷಯದಲ್ಲಿಯೂ ಆ ಎಚ್ಚರವನ್ನು ತಾಳುವನೆಂದು ನಾನು ನಂಬಿದ್ದೇನೆ.