ಮೇಯೋ ಕೊಟ್ಟ ಮಾತು

ಐರ್ಲೆಂಡಿನ ಪಡುವಣ ಅಂಚಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತಿರುವ ಸೀಮೆ ಮೇಯೋ. ನಮ್ಮ ಜಿಲ್ಲೆಗಳಂತೆ ಆ ದ್ವೀಪದಲ್ಲಿರುವ 32 ಕೌಂಟಿಗಳ ಪೈಕಿ ವಿಸ್ತೀರ್ಣದಲ್ಲಿ ಇದಕ್ಕೆ ಮೂರನೆಯ ಸ್ಥಾನ. ಪೂರ್ವಭಾಗದಲ್ಲಿ ಸುಣ್ಣಕಲ್ಲಿನ ಹಸುರು ಬಯಲು. ಪಶ್ಚಿಮಕ್ಕೆ ಸರಿದಂತೆಲ್ಲ ಬೆಟ್ಟ, ಬಂಡೆ, ಜೌಗು. ಮರಗಳು ವಿರಳವಾದ ಆ ನೆಲದಲ್ಲಿ ಜನರು ಜೌಗಿನ ಮಣ್ಣನ್ನೇ ಹೆಂಟೆಯಾಗಿ ಕಡಿದು, ಒಣಗಿಸಿ, ಒಲೆಗೆ ಉರುವಲಾಗಿ ಬಳಸಿದರು.

ಬರಡು ನೆಲದಲ್ಲಿಯೂ ಬೆಳೆಯುವ ಆಲೂಗೆಡ್ಡೆಯೇ ಅಲ್ಲಿಯ ಬಡವರ ಅನ್ನ. 1845ರಲ್ಲಿ ಆ ಬೆಳೆಗೆ ರೋಗ ತಗುಲಿತು. ಮುಂದಿನ ವರ್ಷಗಳಲ್ಲಿ ಮತ್ತೆ ಮರುಕಳಿಸಿತು. 1841ರಲ್ಲಿ 3 ಲಕ್ಷ 88 ಸಾವಿರವಿದ್ದ ಜನಸಂಖ್ಯೆ 1851ಕ್ಕೆ 2 ಲಕ್ಷ 74 ಸಾವಿರಕ್ಕಿಳಿಯಿತು. ಹಲವರನ್ನು ಹಸಿವು, ಜ್ವರಗಳು ಕೊಂಡವು. ಹಲವರನ್ನು ಹಡಗುಗಳು ಕಡಲಾಚೆಗೆ ಒಯ್ದವು.

ಗೇಣಿ ತೆರಲಾರದವರನ್ನು ಜಮೀನ್ದಾರರು ಒಕ್ಕಲೆಬ್ಬಿಸಿದರು. 1850ರಲ್ಲಿ ಸ್ಟ್ರೇಡ್ ಎಂಬ ಹಳ್ಳಿಯಿಂದ ಹಾಗೆ ಬೀದಿಗೆ ಬಿದ್ದ ಸಂಸಾರವೊಂದರಲ್ಲಿ ನಾಲ್ಕು ವರ್ಷದ ಮೈಕೇಲ್ ಡೇವಿಟ್ ಇದ್ದನು. ಇಂಗ್ಲೆಂಡಿನ ಹತ್ತಿಗಿರಣಿಯಲ್ಲಿ ಹನ್ನೊಂದರ ಪ್ರಾಯಕ್ಕೇ ಬಲಗೈಯನ್ನು ಕಳೆದುಕೊಂಡ ಆ ಬಾಲಕನೇ 1879ರಲ್ಲಿ ಮೇಯೋದ ಗೇಣಿದಾರರನ್ನು ಒಗ್ಗೂಡಿಸಿ ಭೂಸಂಘವನ್ನು ಕಟ್ಟಲು ಮುಂದಾದನು.

ಮರುವರ್ಷ ಮಾಸ್ಕ್ ಸರೋವರದ ದಡದಲ್ಲಿ ಆ ಒಗ್ಗಟ್ಟಿನ ಸತ್ವಪರೀಕ್ಷೆ ನಡೆಯಿತು. ಅರ್ನ್ ಪ್ರಭುವಿನ ಪಾರುಪತ್ಯಗಾರನು, ಗೇಣಿ ಇಳಿಸಿರೆಂದು ಬೇಡಿದ ಒಕ್ಕಲುಗಳ ಮೇಲೆ ತೆರವಿನ ನೋಟೀಸು ಹೊರಡಿಸಿದನು. ಊರು ಆಯುಧ ಹಿಡಿಯಲಿಲ್ಲ. ಅವನ ನಂಟನ್ನೇ ಕಡಿದುಕೊಂಡಿತು. ಆಳುಗಳು ಹೊಲ ಬಿಟ್ಟರು. ಕಮ್ಮಾರ ಕುಲುಮೆಗೆ ಕರೆಯಲಿಲ್ಲ, ಅಗಸಗಿತ್ತಿ ಬಟ್ಟೆ ಮುಟ್ಟಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ. ಕೊನೆಗೆ ಬೆಳೆ ಒಕ್ಕಲು ಪರಸ್ಥಳದಿಂದ ಐವತ್ತು ಮಂದಿ ಬರಬೇಕಾಯಿತು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರೂ ಪೋಲೀಸರೂ! ಸುಮಾರು 500 ಪೌಂಡು ಬೆಲೆಯ ಫಸಲಿಗೆ 10,000 ಪೌಂಡು ವೆಚ್ಚವಾಯಿತೆಂದು ಅಂದಾಜು. 1880 ಮುಗಿಯುವ ಮೊದಲೇ ಪಾರುಪತ್ಯಗಾರನು ಐರ್ಲೆಂಡನ್ನು ತೊರೆದನು.

ಅವನ ಹೆಸರು ಕ್ಯಾಪ್ಟನ್ ಬಾಯ್ಕಾಟ್. ಅಂದಿನಿಂದ ಆ ಹೆಸರೇ ಒಂದು ಕ್ರಿಯಾಪದವಾಯಿತು. 1905ರಲ್ಲಿ ಬಂಗಾಳದ ಸ್ವದೇಶೀ ಚಳವಳಿ ಅದೇ ಮಾತನ್ನು ಕೈಗೆತ್ತಿಕೊಂಡಿತು. ಇಂದು ಅದು ಕನ್ನಡಿಗರ ನಾಲಗೆಗೂ ರೂಢಿಯ ಮಾತು.

1903ರ ಕಾಯಿದೆಯ ಬಲದಿಂದ ಗೇಣಿದಾರರಲ್ಲಿ ಬಹುಮಂದಿ ತಾವು ಉಳುವ ನೆಲಕ್ಕೆ ತಾವೇ ಒಡೆಯರಾಗತೊಡಗಿದರು. ಆದರೆ 2022ರ ಗಣತಿಯಲ್ಲಿ ಮೇಯೋದ ಜನಸಂಖ್ಯೆ ಸುಮಾರು 1 ಲಕ್ಷ 38 ಸಾವಿರ ಮಾತ್ರ. ಕ್ಷಾಮಕ್ಕೆ ಮುಂಚೆ ಇದ್ದುದರ ಅರ್ಧವೂ ಇಲ್ಲ. ನೆಲ ಕೈಸೇರಿತು, ಆ ನೆಲವನ್ನು ಬಿಟ್ಟು ಹೋದವರು ಮಾತ್ರ ಮರಳಲಿಲ್ಲ.