ಮೈಲಾಪುರದ ಮರಿ, ಮಿಂಕ್ ಹೆಸರಿನ ರಗ್ಗು

ಸಂಕ್ರಾಂತಿ ಹತ್ತಿರ ಬಂತೆಂದರೆ ಯಾದಗಿರಿ ಸುತ್ತಿನ ದಾರಿಗಳಲ್ಲಿ ಚೆಕ್‌ಪೋಸ್ಟುಗಳು ಏಳುತ್ತವೆ. ಮೈಲಾಪುರದ ಕಡೆ ಹೊರಟ ಟಂಟಂ, ಟ್ರ್ಯಾಕ್ಟರುಗಳನ್ನು ನಿಲ್ಲಿಸಿ, ಕಂಬಳಿಯ ಮಡಿಕೆಯಲ್ಲೋ ಸೀರೆಯ ಸೆರಗಿನಲ್ಲೋ ಅಡಗಿಸಿ ತಂದ ಕುರಿಮರಿಗಳನ್ನು ಕಸಿದುಕೊಳ್ಳುತ್ತಾರೆ. ಹೊನ್ನಕೆರೆಯಲ್ಲಿ ಗಂಗಾಸ್ನಾನಕ್ಕೆ ಬರುವ ಮೈಲಾರಲಿಂಗೇಶ್ವರನ ಪಲ್ಲಕ್ಕಿಯ ಮೇಲೆ ಭಂಡಾರದ, ಅಂದರೆ ಅರಿಸಿನ ಪುಡಿಯ, ಜೊತೆಗೆ ಜೀವಂತ ಮರಿ ಹಾರಿಸುವುದು ಇಲ್ಲಿಯ ಹರಕೆ. ಹಾಗೆ ಹಾರಿಸಿದರೆ ಹಟ್ಟಿಗೆ ರೋಗ ಬರುವುದಿಲ್ಲ, ಹಿಂಡು ಹೆಚ್ಚುತ್ತದೆ ಎಂಬ ನಂಬಿಕೆ. ಜಿಲ್ಲಾಡಳಿತ ಇದನ್ನು ನಿಷೇಧಿಸಿದೆ. ಆದರೂ ಕಣ್ಣು ತಪ್ಪಿಸಿ ತರುವವರು ತರುತ್ತಾರೆ, ಹಾರಿಸುವವರು ಹಾರಿಸುತ್ತಾರೆ.

ನಾನು ನಿಷೇಧದ ಪರ. ಇದರಲ್ಲಿ ನನಗೆ ಎರಡು ಮಾತಿಲ್ಲ. ಲಕ್ಷ ಜನರ ಕಾಲುಗಳ ನಡುವೆ ಬಿದ್ದ ಮರಿ ಮತ್ತೆ ಏಳುವುದು ಅದರ ಅದೃಷ್ಟ. ಕುರುಬರ ಮಗಳನ್ನು ಮದುವೆಯಾದ ದೇವರು, ಕುರಿ ಕಾಯುವವರ ದೇವರು, ಕಾಲು ಮುರಿದ ಮರಿಯನ್ನು ಕೇಳುತ್ತಾನೆಂದು ನಾನು ನಂಬಲಾರೆ. ಆದರೆ ಪ್ರತಿ ಜನವರಿಯಲ್ಲಿ ಈ ಸುದ್ದಿ ಬಂದ ಕೂಡಲೇ ದೊಡ್ಡ ಊರುಗಳಿಂದ ಕೇಳಿಬರುವ ಒಂದು ದನಿ ಇದೆ: ‘ಅನಾಗರಿಕರು, ಮನುಷ್ಯತ್ವ ಇಲ್ಲದವರು.’ ಆ ದನಿಗೆ ಉತ್ತರ ಕೊಡದೆ ಇರಲು ನನ್ನಿಂದ ಆಗುವುದಿಲ್ಲ. ನಾಗರಿಕರೆನಿಸಿಕೊಂಡವರು ಕುರಿಮರಿಯನ್ನು ಏನು ಮಾಡುತ್ತಾರೆಂದು ನಾನು ನಾಲ್ಕು ವರ್ಷ ಹತ್ತಿರದಿಂದ ನೋಡಿದ್ದೇನೆ.

ನಾನು ಶಹಾಪುರದ ದರ್ಜಿಯ ಮಗಳು. ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದಿ, ಇಟಲಿಯ ಮಿಲಾನ್ ನಗರದಲ್ಲಿ ಫರ್ ಕೋಟು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಯ ಕೈಕೆಲಸದ ನಯ ನೋಡಿ ಬೆರಗಾಗಿದ್ದೆ. ನುಣುಪು ತುಪ್ಪಳದ ಪುಟ್ಟ ಪ್ರಾಣಿ ಮಿಂಕಿನ ಒಂದು ತೊಗಲನ್ನು ಓರೆಯಾಗಿ, ಬೆರಳಿಗಿಂತ ಸಣ್ಣ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯನ್ನೂ ಚೂರು ಕೆಳಗೆ ಸರಿಸಿ ಮತ್ತೆ ಹೊಲಿಯುತ್ತಾರೆ. ಮೊಳದುದ್ದದ ತೊಗಲು ಕೋಟಿನುದ್ದಕ್ಕೆ ಬೆಳೆಯುತ್ತದೆ. ಆಮೇಲೆ ಅದನ್ನು ನೆನೆಸಿ, ಹಲಗೆಯ ಮೇಲೆ ಎಳೆದು, ಸುತ್ತ ಮೊಳೆ ಹೊಡೆದು ಒಣಗಿಸುತ್ತಾರೆ. ಮೇಲಿನಿಂದ ಒಂದು ಹೊಲಿಗೆಯೂ ಕಾಣುವುದಿಲ್ಲ. ಅಪ್ಪನ ಅಂಗಡಿಯಲ್ಲಿ ಕಾಜಾ ಹಾಕುತ್ತ ಬೆಳೆದ ನನಗೆ ಅದು ಜಾದೂ ಅನ್ನಿಸಿತ್ತು. ಒಂದು ಉದ್ದ ಕೋಟಿಗೆ ನಲವತ್ತೋ ಐವತ್ತೋ ಮಿಂಕ್ ಬೇಕೆಂದು ನಾನೇ ಲೆಕ್ಕ ಬರೆಯುತ್ತಿದ್ದೆ. ತೊಗಲಿನ ಲೆಕ್ಕ ಅದು. ನಾಲ್ಕು ವರ್ಷದಲ್ಲಿ ಒಂದೇ ಒಂದು ಜೀವಂತ ಮಿಂಕನ್ನು ನಾನು ನೋಡಲಿಲ್ಲ.

ನನ್ನನ್ನು ನಿಲ್ಲಿಸಿದ್ದು ಕರಾಕುಲ್. ಕಾಶ್ಮೀರದ ಹಿರಿಯ ರಾಜಕಾರಣಿಗಳ ತಲೆಯ ಮೇಲೆ, ಜಿನ್ನಾ ಅವರ ಚಿತ್ರಗಳಲ್ಲಿ ನಾವೆಲ್ಲ ನೋಡಿರುವ ಸುರುಳಿ ಸುರುಳಿ ಟೋಪಿ ಅದರದೇ. ಕರಾಕುಲ್ ಮಧ್ಯ ಏಷ್ಯಾದ ಕುರಿ ತಳಿ. 1907ರಲ್ಲಿ ಅದನ್ನು ಆಫ್ರಿಕಾದ ನಮೀಬಿಯಾಕ್ಕೂ ಒಯ್ದು ಸಾಕಿದರು. ಒಂದು ದಿನ ಕರಿಯ ತೊಗಲುಗಳ ಕಟ್ಟು ಬಿಚ್ಚಿದಾಗ ಅವು ಇಷ್ಟು ಚಿಕ್ಕವೇಕೆ ಎಂದು ಹಿರಿಯ ಕೆಲಸಗಾರನನ್ನು ಕೇಳಿದೆ. ಅವನು ಸಹಜವಾಗಿ ಹೇಳಿದ: ಹುಟ್ಟಿ ಎರಡು ಮೂರು ದಿನದೊಳಗೆ ಕೊಲ್ಲಬೇಕು, ತಡವಾದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಇನ್ನೂ ನುಣುಪಾದ, ಇನ್ನೂ ದುಬಾರಿಯಾದ ಒಂದು ಬಗೆಯಿದೆ. ಅದು ಹುಟ್ಟುವ ಮೊದಲೇ ತಾಯಿಯ ಹೊಟ್ಟೆಯಿಂದ ತೆಗೆದ ಮರಿಯದು.

ಮೂರು ದಿನದ ಮರಿ ಹೇಗಿರುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಬಹುಶಃ ನನಗೊಬ್ಬಳಿಗೇ. ಸುರಪುರ ತಾಲ್ಲೂಕಿನ ನಮ್ಮ ಸೋದರಮಾವನ ಹೊಲದಲ್ಲಿ ಪ್ರತಿ ವರ್ಷ ರಾಶಿ ಮುಗಿದ ಮೇಲೆ ಕುರಿ ನಿಲ್ಲಿಸುತ್ತಿದ್ದರು. ಹಿಕ್ಕೆಯ ಗೊಬ್ಬರಕ್ಕೆ ಬದಲಾಗಿ ಕುರುಬರಿಗೆ ಕಾಳು, ಊಟ. ಆಗಷ್ಟೇ ಹುಟ್ಟಿದ ಮರಿಗಳನ್ನು ಬಲೆಯೊಳಗೆ ಬಿಟ್ಟು ಕಾಯುವ ಕೆಲಸ ನಮ್ಮಂಥ ಹುಡುಗರದು. ಮೊದಲ ದಿನ ನಡುಗುವ ಕಾಲು, ಎರಡನೆಯ ದಿನ ತಾಯಿಯ ದನಿ ಗುರುತು, ಮೂರನೆಯ ದಿನಕ್ಕೆ ಜಿಗಿತ. ಆ ಜಿಗಿತದ ಹೊತ್ತಿಗೆ ಸರಿಯಾಗಿ ಕೊಯ್ದ ತೊಗಲು ನನ್ನ ಮೇಜಿನ ಮೇಲಿತ್ತು. ಆದರೂ ಕೆಲಸ ಬಿಟ್ಟದ್ದು ಆ ದಿನವಲ್ಲ, ಇನ್ನೂ ಹದಿನಾಲ್ಕು ತಿಂಗಳ ಮೇಲೆ. ಮನೆಗೆ ಕಳಿಸಬೇಕಾದ ಹಣವಿತ್ತು. ಅಷ್ಟರಲ್ಲಿ ನಾನು ಕತ್ತರಿಸಿದ ಕರಾಕುಲ್ ಕೋಟುಗಳು ಎಷ್ಟೆಂದು ನನಗೆ ನೆನಪಿದೆ, ಆ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಲ್ಲಿಯ ಕ್ರೌರ್ಯ ತೋರಿಸಿ ಇಲ್ಲಿಯದಕ್ಕೆ ಮಾಫಿ ಕೇಳಲು ಇದನ್ನು ಬರೆಯುತ್ತಿಲ್ಲ. ಮೈಲಾಪುರದಲ್ಲಿ ಮರಿಯ ನೋವು ಸಾವಿರಾರು ಕಣ್ಣುಗಳ ಎದುರು ನಡೆಯುತ್ತದೆ, ಆದ್ದರಿಂದ ಅದು ಕ್ರೌರ್ಯವೆಂದು ಎಲ್ಲರಿಗೂ ಕಾಣುತ್ತದೆ. ಕೋಟಿನಲ್ಲಿ ಒಂದು ಹೊಲಿಗೆಯೂ ಕಾಣದಂತೆ ಮಾಡುವುದೇ ನನ್ನ ಕಸುಬಾಗಿತ್ತು. ಕಾಣದ್ದಕ್ಕೆ ಬೆಲೆ ಹೆಚ್ಚು, ಗೌರವವೂ ಹೆಚ್ಚು. ಕಾನೂನೂ ಹಾಗೆಯೇ ನಡೆದುಕೊಂಡಿದೆ. 2017ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಿಂಕ್, ನರಿ, ಚಿಂಚಿಲ್ಲಾಗಳ ತುಪ್ಪಳದ ತೊಗಲನ್ನು, ಹಾವು ಮೊಸಳೆಗಳ ಚರ್ಮವನ್ನು ಆಮದು ಮಾಡಿಕೊಳ್ಳುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಆ ಪಟ್ಟಿಯಲ್ಲಿ ಕುರಿಮರಿ ಇರಲಿಲ್ಲ. ಅದೇ ವರ್ಷ ಗುಚ್ಚಿ, 2019ರಲ್ಲಿ ಪ್ರಾಡಾ ಎಂಬ ಫ್ಯಾಷನ್ ಮನೆಗಳು ಫರ್ ಕೈಬಿಡುವುದಾಗಿ ಸಾರಿದವು. ಕೊರೊನಾ ಕಾಲದಲ್ಲಿ, 2020ರ ನವೆಂಬರಿನಲ್ಲಿ ಡೆನ್ಮಾರ್ಕ್ ತನ್ನ ಫಾರ್ಮುಗಳ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳನ್ನು ಕೊಲ್ಲಲು ಆದೇಶಿಸಿದಾಗಲೇ ಅಷ್ಟು ಪ್ರಾಣಿಗಳು ಒಂದು ಚಿಕ್ಕ ದೇಶದ ಪಂಜರಗಳಲ್ಲಿದ್ದವೆಂದು ಬಹಳ ಜನಕ್ಕೆ ತಿಳಿದದ್ದು.

ನಮ್ಮ ಕಾನೂನಿನ ಮಾತಿಗೆ ಬರೋಣ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಧರ್ಮದ ಕಟ್ಟಳೆಯಂತೆ ಪ್ರಾಣಿ ಕೊಲ್ಲುವುದಕ್ಕೆ ಅದೇ ಕಾಯ್ದೆ 28ನೆಯ ಕಲಮಿನಲ್ಲಿ ವಿನಾಯಿತಿ ಕೊಡುತ್ತದೆ. ಆದರೆ ಮೈಲಾಪುರದ ಹರಕೆ ಕೊಲ್ಲುವ ಹರಕೆಯೇ ಅಲ್ಲ, ಮರಿ ಸಾಯಲೆಂದು ಯಾವ ಕುರುಬನೂ ಹಾರಿಸುವುದಿಲ್ಲ. ಆದ್ದರಿಂದ ಸಂಪ್ರದಾಯದ ಹೆಸರಿನಲ್ಲಿ ಇದನ್ನು ಸಮರ್ಥಿಸುವವರ ವಾದ ನಿಲ್ಲುವುದಿಲ್ಲ: ದೇವರಿಗೆ ಕೊಟ್ಟದ್ದು ಜೀವವಾದರೆ ಆ ಜೀವ ಉಳಿಯಬೇಕಲ್ಲ? ಆಡಳಿತಕ್ಕೂ ನನ್ನ ಪ್ರಶ್ನೆಯಿದೆ. ಚೆಕ್‌ಪೋಸ್ಟಿನಲ್ಲಿ ಕಸಿದುಕೊಂಡ ಮರಿ ಹಾಲು ಬಿಟ್ಟಿರದ ಮರಿ. ಅದರ ತಾಯಿ ಹತ್ತಾರು ಹರದಾರಿ ದೂರದ ಹಟ್ಟಿಯಲ್ಲಿ ಕೆಚ್ಚಲು ಬಿಗಿದು ಅರಚುತ್ತಿರುತ್ತದೆ. ಆ ರಾತ್ರಿ ಮರಿಗೆ ಹಾಲು ಯಾರು ಕುಡಿಸುತ್ತಾರೆ? ಕೊನೆಗೆ ಅದು ಯಾರ ಕೈ ಸೇರುತ್ತದೆ? ಹಿಡಿದ ಪ್ರತಿ ಮರಿಯ ಲೆಕ್ಕವನ್ನು ಜಾತ್ರೆ ಮುಗಿದ ವಾರದೊಳಗೆ ಜಿಲ್ಲಾಡಳಿತ ಜನರ ಮುಂದಿಡಬೇಕು.

ಕಳೆದ ಚಳಿಗಾಲದಲ್ಲಿ ಯಾದಗಿರಿಯ ಬಜಾರಿನಲ್ಲಿ ಹೊದಿಕೆ ಕೊಳ್ಳಲು ಹೋದೆ. ಅಂಗಡಿಯವನು ‘ಮಿಂಕ್ ತಗೋರಿ ಅಕ್ಕಾ, ಮಸ್ತ್ ಬೆಚ್ಚಗ’ ಎಂದ. ಆ ಶಬ್ದ ಕೇಳಿ ನನ್ನ ಕೈ ತಣ್ಣಗಾಯಿತು. ಅವನು ತೋರಿಸಿದ್ದು ಹುಲಿಯ ಚಿತ್ರವಿದ್ದ, ನುಣ್ಣನೆಯ ಪಾಲಿಯೆಸ್ಟರ್ ರಗ್ಗು. ಪಾಣಿಪತ್ತಿನಲ್ಲಿ ತಯಾರಾಗಿ ದೇಶದ ತುಂಬ ‘ಮಿಂಕ್ ಬ್ಲಾಂಕೆಟ್’ ಎಂಬ ಹೆಸರಿನಲ್ಲೇ ಮಾರುವಂಥದ್ದು. ಕಂಬಳಿ ಇದೆಯೇ ಎಂದೆ. ‘ಈಗ ಯಾರ್ ಕೇಳ್ತಾರ್ರಿ’ ಎಂದ.

ಕಂಬಳಿ ಈ ಸೀಮೆಗೆ ಬರೀ ಹೊದಿಕೆಯಾಗಿರಲಿಲ್ಲ. ಮಳೆಗೆ ಕೊಪ್ಪೆ, ದೇವರಿಗೆ ಗದ್ದಿಗೆ, ಮದುವೆಗೆ ಕಂಕಣ. ಕುರುಬರಲ್ಲಿ ಹತ್ತಿ ಕಂಕಣದವರು, ಉಣ್ಣೆ ಕಂಕಣದವರು ಎಂಬ ಒಳಗುಂಪುಗಳೇ ಇವೆ. ಮೈಲಾರನ ಭಕ್ತರಾದ ಗೊರವರು ತೊಡುವುದೂ ಕರಿ ಕಂಬಳಿಯೇ. ದಕ್ಷಿಣದ ಗೊರವರ ತಲೆಯ ಮೇಲಿನ ಕರಡಿ ತುಪ್ಪಳದ ಟೋಪಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ. 1972ರ ವನ್ಯಜೀವಿ ಕಾಯ್ದೆ ಕರಡಿಯನ್ನು ಕಾಪಾಡುತ್ತಿರುವುದು ಸರಿಯೇ. ಕಂಬಳಿಗಾದರೋ ಯಾವ ಜೀವವೂ ಹೋಗಬೇಕಿಲ್ಲ. ಡೆಕ್ಕನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹೆಂಗಸರು ನೂಲುತ್ತಾರೆ, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಗಿ ಮಾಡಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಕುರಿ ಮತ್ತೆ ಮೇಯಲು ಹೋಗುತ್ತದೆ. ಜಗತ್ತಿನ ದೊಡ್ಡ ಫ್ಯಾಷನ್ ಮನೆಗಳು ಈಗ ಹುಡುಕಿಕೊಂಡು ಹೊರಟಿರುವುದು ಇಂಥದನ್ನೇ, ಅದು ನಮ್ಮ ಹಟ್ಟಿಯಲ್ಲಿ ಕೊಳೆಯುತ್ತಿದೆ.

ಕೊಳೆಯುತ್ತಿದೆ ಎಂದು ಸುಮ್ಮನೆ ಬರೆದದ್ದಲ್ಲ. ಮಾವನ ಹೊಲಕ್ಕೆ ಇವತ್ತಿಗೂ ಕುರಿ ತರುವ ಮುದುಕಿಯೊಬ್ಬರನ್ನು ಉಣ್ಣೆ ಏನು ಮಾಡುತ್ತೀರಿ ಎಂದು ಕೇಳಿದೆ. ‘ಏನ್ ಮಾಡೂದು ಯವ್ವಾ, ಕತ್ರಿಸಿದವ್ರ ಕೂಲಿ ಸೈತ ಹುಟ್ಟಂಗಿಲ್ಲ. ಹಳ್ಳಕ್ಕ ಒಗೀತೀವಿ’ ಎಂದರು. ಅವರ ಹಿಂಡಿನಲ್ಲಿ ಈಗ ಉಣ್ಣೆ ಕೊಡುವ ಕರಿ ಕುರಿ ನಾಲ್ಕೋ ಐದೋ. ಉಳಿದದ್ದೆಲ್ಲ ಕೆಂಗುರಿ: ಮೈಮೇಲೆ ಉಣ್ಣೆಯಿಲ್ಲದ, ಮಾಂಸಕ್ಕೆ ತೂಗುವ ತಳಿ. ಬಸವಸಾಗರ ಜಲಾಶಯದ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರಗಳ ಎಷ್ಟೋ ಹುಲ್ಲುಗಾವಲು ಗದ್ದೆಯಾಯಿತು, ಮೇವಿಗೆ ದೂರ ಅಲೆಯಬೇಕಾಯಿತು. ಉಣ್ಣೆಗೆ ಬೆಲೆಯಿದ್ದಾಗ ಕುರಿ ವರ್ಷಗಟ್ಟಲೆ ಬದುಕುತ್ತಿತ್ತು, ಬೆಲೆ ಮಾಂಸಕ್ಕೆ ಮಾತ್ರ ಉಳಿದಾಗ ಗಂಡುಮರಿಯ ಆಯುಷ್ಯ ತಿಂಗಳುಗಳ ಲೆಕ್ಕಕ್ಕೆ ಇಳಿಯಿತು. ಮಿಂಕ್ ಹೆಸರಿನ ಆ ರಗ್ಗಿನಿಂದ ಯಾವ ಮಿಂಕೂ ಸತ್ತಿಲ್ಲ, ಆದರೆ ಕರಿ ಕುರಿಯ ಆಯುಷ್ಯವನ್ನು ಅದು ಮೊಟಕು ಮಾಡಿದೆ. ಪ್ರಾಣಿದಯೆಯ ಮಾತಾಡುವವರು ಈ ಸಾವುಗಳನ್ನೂ ಎಣಿಸಬೇಕು.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.1 ಕೋಟಿ ಕುರಿಗಳಿದ್ದವು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ಇದೆ. ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ಕುರಿಗಾರರಿಗೆ ನಿಜವಾಗಿ ಆಸರೆಯಾಗಿದೆ. ನಾನು ಕೇಳುತ್ತಿರುವುದು ಬದುಕಿರುವ ಕುರಿಯ ಉಣ್ಣೆಗೊಂದು ಬೆಲೆ. ಆಸ್ಪತ್ರೆ, ಹಾಸ್ಟೆಲು, ಪೊಲೀಸ್ ಠಾಣೆಗಳಿಗೆ ಸರ್ಕಾರ ಕೊಳ್ಳುವ ಹೊದಿಕೆಗಳಲ್ಲಿ ಒಂದು ಪಾಲು ಈ ಜಿಲ್ಲೆಯ ಕಂಬಳಿಯಾಗಲಿ. ದಪ್ಪ ಉಣ್ಣೆ ಮೈಗೆ ಚುಚ್ಚುತ್ತದೆ ಎನ್ನುವವರಿಗೆ ಅದರಿಂದಲೇ ಜಮಖಾನೆ, ಚೀಲ, ಚಪ್ಪಲಿಯ ಅಟ್ಟೆ ಮಾಡಿ ತೋರಿಸುವ ಕೆಲಸ ನನ್ನಂಥವರದು. ಅದಕ್ಕೆ ನಾನು ತಯಾರಿದ್ದೇನೆ.

ಬರುವ ಸಂಕ್ರಾಂತಿಗೆ ಮೈಲಾಪುರದ ದಾರಿಯಲ್ಲಿ ಚೆಕ್‌ಪೋಸ್ಟು ಹಾಕಿ, ಮರಿ ಬಿಡಬೇಡಿ. ಅದರ ಪಕ್ಕದಲ್ಲೇ ನಿಗಮದವರು ಒಂದು ತಕ್ಕಡಿ ಇಟ್ಟುಕೊಂಡು ಕೂರಲಿ. ಹರಕೆ ಹೊತ್ತವರು ಮರಿಯ ಬದಲು ಒಂದು ಹಿಡಿ ಉಣ್ಣೆ ದೇವರಿಗೆ ತರಲಿ, ಚೀಲ ತುಂಬ ತಂದದ್ದನ್ನು ನಿಗಮ ತೂಗಿ, ಅಲ್ಲೇ ದುಡ್ಡು ಎಣಿಸಿಕೊಡಲಿ. ಪಲ್ಲಕ್ಕಿಯ ಮೇಲೆ ಭಂಡಾರದ ಜೊತೆ ಆ ಕರಿ ಉಣ್ಣೆ ಬೀಳುವುದನ್ನು ನೋಡಲು ನಾನೂ ಬರುತ್ತೇನೆ.