ಪರದೇಶವಾಸವೂ ಅರಿವೆಯ ಒಗೆತವೂ

ವಿದ್ಯಾರ್ಥಿಯೊಬ್ಬನು ಉಚ್ಚ ವ್ಯಾಸಂಗಕ್ಕೆಂದು ಪರದೇಶಕ್ಕೆ ಹೊರಟನೆಂದರೆ ಊರಿಗೆ ಊರೇ ಸಂಭ್ರಮಿಸುತ್ತದೆ. ಒಂದು ಕಾಲಕ್ಕೆ ಮುಂಬಯಿ, ಪುಣೆಗಳೇ ದೂರದ ನಾಡುಗಳಾಗಿದ್ದ ಹಳಿಯಾಳ, ದಾಂಡೇಲಿಗಳ ಮನೆಗಳಿಂದಲೂ ಇಂದು ತರುಣ ತರುಣಿಯರು ಜರ್ಮನಿ, ಅಮೆರಿಕಗಳಿಗೆ ತೆರಳುತ್ತಿದ್ದಾರೆ. ಪ್ರಯಾಣದ ಮುನ್ನಾದಿನಗಳಲ್ಲಿ ಮನೆಯವರು ಪಾಸ್‌ಪೋರ್ಟು, ಪ್ರಮಾಣಪತ್ರ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಮತ್ತೆ ಮತ್ತೆ ಎಣಿಸಿ ನೋಡುವರು. ಆದರೆ ‘ತಮ್ಮಾ, ನಿನ್ನ ಅರಿವೆಯನ್ನು ನೀನು ಒಗೆದುಕೊಳ್ಳಬಲ್ಲೆಯಾ?’ ಎಂದು ಕೇಳುವವರು ವಿರಳ. ಈ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದು ಶಿಕ್ಷಣದ ಮೂಲಕ್ಕೇ ಸಂಬಂಧಿಸಿದುದಾಗಿದೆ.

ನಾಲ್ಕು ದಿನದ ಪ್ರವಾಸಿಗೆ ಒಗೆತದ ಚಿಂತೆಯಿಲ್ಲ. ಕೊಳೆಯಾದುದನ್ನು ಗಂಟು ಕಟ್ಟಿ ಮನೆಗೆ ತಂದರಾಯಿತು. ವರುಷಗಟ್ಟಲೆ ನೆಲೆಸುವವನಿಗೆ ಆ ಮಾರ್ಗವಿಲ್ಲ. ಅಲ್ಲಿ ಅಗಸನು ಬಾಗಿಲಿಗೆ ಬರುವುದಿಲ್ಲ, ತಾಯಿ ಬಳಿಯಲ್ಲಿರುವುದಿಲ್ಲ. ವಸತಿಗೃಹದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಯಂತ್ರಗಳಿರುತ್ತವೆ. ನಾಣ್ಯವನ್ನೋ ಕಾರ್ಡನ್ನೋ ಹಾಕಿ, ಸರದಿ ಕಾದು ಒಗೆದುಕೊಳ್ಳಬೇಕು. ಜರ್ಮನಿಯ ಅನೇಕ ಮನೆಗಳಲ್ಲಿ ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಯಂತ್ರದ ಸದ್ದು ಮಾಡಬಾರದೆಂಬ ನಿಯಮವಿದೆ. ಅರಿವೆಯ ಒಳಮಗ್ಗುಲಿಗೆ ಹೊಲಿದ ಚೀಟಿಯ ಚಿಹ್ನೆಗಳೇ ಆಗ ಅಕ್ಷರಮಾಲೆ. ತೊಟ್ಟಿಯೊಳಗೆ ಕೈಯ ಚಿತ್ರವಿದ್ದರೆ ಕೈಯಿಂದಲೇ ಒಗೆಯಬೇಕು; ತ್ರಿಕೋನವನ್ನು ಗೀಟು ಹಾಕಿ ಹೊಡೆದಿದ್ದರೆ ಬಿಳುಪು ಮಾಡುವ ಔಷಧ ಸಲ್ಲದು; ಚೌಕದೊಳಗಿನ ವೃತ್ತವು ಒಣಗಿಸುವ ಯಂತ್ರದ ಗುರುತು; ಇಸ್ತ್ರಿಯ ಚಿತ್ರದೊಳಗಿನ ಚುಕ್ಕೆಗಳು ಕಾವಿನ ಪ್ರಮಾಣವನ್ನು ಹೇಳುತ್ತವೆ. ಇದನ್ನರಿಯದವನ ಉಣ್ಣೆಯ ಅಂಗಿ ಒಂದೇ ಸಲದ ಬಿಸಿನೀರಿಗೆ ಕೂಸಿನ ಅಂಗಿಯಾಗಿಬಿಡುವುದು. ಹೊಸ ಕೆಂಪು ವಸ್ತ್ರದೊಡನೆ ಹಾಕಿದ ಬಿಳಿಯವೆಲ್ಲ ಗುಲಾಬಿಯಾಗುವುವು. ಗಳಿಸಿದ ಪದವಿಗಳು ಆ ಹೊತ್ತಿಗೆ ನೆರವಿಗೆ ಬಾರವು.

ಈ ಪಾಠವನ್ನು ಪರದೇಶದಲ್ಲಿ ಕಲಿತವರಲ್ಲಿ ಮಹಾತ್ಮಾ ಗಾಂಧೀಜಿಯವರೂ ಒಬ್ಬರು. ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗ ಅಗಸನ ಲೆಕ್ಕ ದುಬಾರಿಯಾಯಿತು, ಆತನು ಹೊತ್ತಿಗೆ ಸರಿಯಾಗಿ ತಂದುಕೊಡುತ್ತಲೂ ಇರಲಿಲ್ಲ. ಅವರು ಒಗೆತದ ಸಲಕರಣೆ ಕೊಂಡರು. ಒಗೆತದ ಮೇಲೊಂದು ಪುಸ್ತಕವನ್ನು ಓದಿ ಕಲಿತು, ಕಸ್ತೂರಬಾ ಅವರಿಗೂ ಕಲಿಸಿದರು. ಮೊದಲ ಸಲ ಒಗೆದ ಕಾಲರಿಗೆ ಗಂಜಿ ಹೆಚ್ಚಾಯಿತು, ಇಸ್ತ್ರಿಯ ಕಾವು ಸಾಲದಾಯಿತು. ಅದನ್ನೇ ತೊಟ್ಟು ನ್ಯಾಯಾಲಯಕ್ಕೆ ಹೋದಾಗ ಗಂಜಿಯು ಉದುರುತ್ತಿದ್ದುದನ್ನು ಕಂಡು ಜೊತೆಯ ವಕೀಲರು ನಕ್ಕರು. ಅವರು ಅಂಜಲಿಲ್ಲ. 1912ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಆ ದೇಶಕ್ಕೆ ಬಂದಾಗ, ಮಹಾದೇವ ಗೋವಿಂದ ರಾನಡೆಯವರಿಂದ ಬಂದ ಅಮೂಲ್ಯವಾದ ಉತ್ತರೀಯವೊಂದು ಮುದುಡಿಹೋಗಿತ್ತು. ಔತಣಕ್ಕೆ ಅದನ್ನು ಹೊದೆಯಬೇಕಾಗಿತ್ತು. ಅಗಸನಲ್ಲಿಗೆ ಕಳುಹಿಸಲು ಸಮಯವಿರಲಿಲ್ಲ. ಗಾಂಧೀಜಿಯವರ ವಕೀಲಿಯಲ್ಲಿ ವಿಶ್ವಾಸವಿದ್ದ ಗೋಖಲೆಯವರಿಗೆ ಅವರ ಇಸ್ತ್ರಿಯಲ್ಲಿ ಸಂಶಯವಿತ್ತು. ಆದರೂ ಅವರು ಇಸ್ತ್ರಿ ಮಾಡಿ ಮೆಚ್ಚುಗೆ ಪಡೆದರು. ತಮ್ಮ ಆತ್ಮಕಥೆಯಲ್ಲಿ ಈ ಸಂಗತಿಗಳಿಗೆ ಅವರು ಸ್ಥಳ ಕೊಟ್ಟಿರುವುದೇ ಈ ಕೆಲಸದ ಘನತೆಗೆ ಸಾಕ್ಷಿ.

ಇಲ್ಲಿಂದ ಹೋದವರಂತೆ, ಹೊರಗಿನಿಂದ ಈ ನೆಲಕ್ಕೆ ಬಂದು ನೆಲೆಸಿದವರೂ ಇದ್ದಾರೆ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ತರುವಾಯ ನಿರಾಶ್ರಿತರಾದ ಟಿಬೇಟಿಯನ್ನರಿಗೆ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ ಮುಂಡಗೋಡದ ಬಳಿ ಭೂಮಿ ದೊರೆಯಿತು. ಡ್ರೆಪುಂಗ್ ಮತ್ತು ಗಾದೆನ್ ಎಂಬ ಪ್ರಾಚೀನ ವಿಹಾರಗಳು ಅಲ್ಲಿ ಮರಳಿ ತಲೆಯೆತ್ತಿದವು. ಶೀತಪ್ರದೇಶದಿಂದ ಬಂದ ಆ ಜನರ ದಪ್ಪ ಉಣ್ಣೆಯ ನಿಲುವಂಗಿಗಳು ಇಲ್ಲಿಯ ಸೆಕೆಗೆ ಒಗ್ಗುವಂಥವಲ್ಲ. ಲ್ಹಾಸಾ ಪ್ರಾಂತದಲ್ಲಿ ಶರತ್ಕಾಲದ ಆದಿಯಲ್ಲಿ ಜನರು ನದಿಗಿಳಿದು ಮೀಯುವ, ಅರಿವೆ ಹಾಸಿಗೆಗಳನ್ನು ತೊಳೆಯುವ ಉತ್ಸವವೇ ಇದೆ. ಬೆವರು ಹರಿಯುವ ಈ ಸೀಮೆಯಲ್ಲಿ ಆ ಉತ್ಸವವು ನಿತ್ಯದ ಕೆಲಸವಾಗಬೇಕಾಯಿತು! ಇಂದು ಲಾಮಾ ಕ್ಯಾಂಪಿಗೆ ಹೋದವರು ಬಿಸಿಲಿಗೆ ಹರವಿದ ಕಡುಗೆಂಪು ವಸ್ತ್ರಗಳ ಸಾಲನ್ನು ಕಾಣುತ್ತಾರೆ. ತರ್ಕಶಾಸ್ತ್ರವನ್ನು ವರುಷಗಳ ಕಾಲ ಅಭ್ಯಾಸ ಮಾಡುವ ಕಿರಿಯ ಭಿಕ್ಷುಗಳು ತಮ್ಮ ವಸ್ತ್ರವನ್ನು ತಾವೇ ಒಗೆದುಕೊಳ್ಳುತ್ತಾರೆ. ಶಾಸ್ತ್ರಕ್ಕೂ ಸಾಬೂನಿಗೂ ಅಲ್ಲಿ ವಿರೋಧವಿಲ್ಲ.

ಹೀಗಿರಲು ಪ್ರಸಾದನಿಲಯಗಳಲ್ಲಿ ಮಕ್ಕಳು ತಾವೇ ಒಗೆದುಕೊಳ್ಳುವ ಪದ್ಧತಿಯನ್ನು ಬಿಟ್ಟು, ಅದನ್ನು ಗುತ್ತಿಗೆಗೆ ಕೊಡುವುದು ಲೇಸೆಂಬ ವಾದವನ್ನು ಪರಿಶೀಲಿಸಬೇಕಾಗಿದೆ. ಆ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಪರೀಕ್ಷೆಯ ಸಮೀಪದಲ್ಲಿ ವಿದ್ಯಾರ್ಥಿಗೆ ಒಂದೊಂದು ಗಳಿಗೆಯೂ ಬೆಲೆಯುಳ್ಳದ್ದು. ಜೋಯಿಡಾದ ಕಡೆ ಮಳೆ ಹಿಡಿಯಿತೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅರಿವೆ ಒಣಗುವುದೇ ದುಸ್ತರ. ಒಲೆಯ ಮೇಲಿನ ಗಳಕ್ಕೆ ಹಾಕಿದರೆ ಹೊಗೆಯ ವಾಸನೆ, ಹಾಗೆಯೇ ತೊಟ್ಟರೆ ಚರ್ಮದ ಬಾಧೆ. ಯಂತ್ರ ಬರುವುದಾದರೆ ಬರಲಿ. ಆದರೆ ಅದರಲ್ಲಿ ತನ್ನ ಅರಿವೆಯನ್ನು ಹಾಕುವ ಕೈ, ತೆಗೆದು ಹರವುವ ಕೈ, ಮಡಿಚಿಡುವ ಕೈ ವಿದ್ಯಾರ್ಥಿಯದೇ ಆಗಿರಬೇಕು. ವಾರದ ಒಂದು ತಾಸಿನಿಂದ ಅಂಕಗಳು ಕುಸಿಯುತ್ತವೆಂಬುದು ನಂಬತಕ್ಕ ಮಾತಲ್ಲ.

ಇದರಲ್ಲಿ ಕೌಶಲಕ್ಕಿಂತ ಹಿರಿದಾದ ಇನ್ನೊಂದು ಅಂಶವಿದೆ. ಕೊಳೆಯನ್ನು ಮಾಡುವವನು ಮೇಲು, ತೊಳೆಯುವವನು ಕೀಳು ಎಂಬ ವಿಪರೀತ ಭಾವನೆಯು ಶತಮಾನಗಳಿಂದ ಸಮಾಜವನ್ನು ಕಾಡಿದೆ. ಅದನ್ನು ಅಳಿಸಲೆಂದೇ ಹನ್ನೆರಡನೆಯ ಶತಮಾನದ ಶರಣರು ಕಾಯಕಗಳಲ್ಲಿ ತಾರತಮ್ಯವಿಲ್ಲವೆಂದು ಸಾರಿದರು. ಕಲ್ಯಾಣದಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡಿದ ಮಡಿವಾಳ ಮಾಚಿದೇವರು, ಕಲ್ಯಾಣಕ್ಕೆ ವಿಪತ್ತು ಬಂದೊದಗಿದಾಗ ವಚನಗಳ ಕಟ್ಟುಗಳನ್ನೂ ಶರಣರನ್ನೂ ರಕ್ಷಿಸಲು ಖಡ್ಗ ಹಿಡಿದರೆಂದು ಪರಂಪರೆ ಹೇಳುತ್ತದೆ. ನೆಲೆ ಕಳೆದುಕೊಂಡ ಆ ಶರಣರು ಚನ್ನಬಸವಣ್ಣನವರೊಡನೆ ಬಂದು ಸೇರಿದ ಉಳವಿಯು ಇದೇ ಜೋಯಿಡಾ ತಾಲೂಕಿನಲ್ಲಿದೆ. ಉಳವಿಯ ಜಾತ್ರೆಗೆ ಭಕ್ತಿಯಿಂದ ಬಂಡಿ ಕಟ್ಟುವ ನಾಡಿನ ಮಕ್ಕಳು ಒಗೆತವನ್ನು ನಾಚಿಕೆಯ ಕೆಲಸವೆಂದು ಎಣಿಸುವುದು ಸಲ್ಲದು. ಸ್ವತಃ ಕಲ್ಲಿನ ಮೇಲೆ ಅರಿವೆ ಕುಕ್ಕಿದವನು ಅಗಸನ ಕೂಲಿಯಲ್ಲಿ ಚೌಕಾಸಿ ಮಾಡಲಾರನು.

ಇನ್ನೊಂದು ವಿಚಿತ್ರವೂ ಗಮನಿಸತಕ್ಕದ್ದು. ಪರದೇಶದಲ್ಲಿ ಎರಡು ವರುಷ ತನ್ನ ಅರಿವೆಯನ್ನು ತಾನೇ ಒಗೆದುಕೊಂಡ ತರುಣನು, ರಜೆಗೆಂದು ಮನೆಗೆ ಬಂದ ದಿನವೇ ಕೊಳೆಯಂಗಿಯನ್ನು ಬಚ್ಚಲಿನ ಮೂಲೆಗೆ ಎಸೆದು ತಾಯಿಯ ಪಾಲಿಗೆ ಬಿಡುತ್ತಾನೆ. ತಾಯಿಯು ಪ್ರೀತಿಯಿಂದಲೇ ಎತ್ತಿಕೊಳ್ಳುವಳು. ಆದರೆ ಅವಳ ಮೊಣಕಾಲಿನ ನೋವು ಪ್ರೀತಿಯಿಂದ ಮಾಯುವುದಿಲ್ಲ. ಪರದೇಶದಲ್ಲಿ ಅನಿವಾರ್ಯಕ್ಕಾಗಿ ಮಾಡಿದ ಕೆಲಸ ಮನೆಯಲ್ಲಿ ಮರೆತುಹೋದರೆ ಕಲಿತುದು ಅರ್ಧವೇ ಸರಿ.

ಆದುದರಿಂದ ಶಿಕ್ಷಕರು ಹುಡುಗರಿಗೂ ಹುಡುಗಿಯರಿಗೂ ಭೇದವಿಲ್ಲದೆ ವಾರಕ್ಕೆ ಒಂದು ತಾಸು ಈ ಕೆಲಸಕ್ಕೆ ಮೀಸಲಿಡಲಿ: ಬಣ್ಣ ಬಿಡುವ ಅರಿವೆಯನ್ನು ಬೇರ್ಪಡಿಸುವುದು, ಚೀಟಿಯ ಚಿಹ್ನೆಗಳನ್ನು ಓದುವುದು, ಗುಂಡಿ ಹಚ್ಚುವುದು, ಇಸ್ತ್ರಿ ಮಾಡುವುದು. ದಾನಿಗಳು ಮಳೆಗಾಲದಲ್ಲಿ ಅರಿವೆ ಒಣಗಿಸಲು ಗಾಳಿಯಾಡುವ ಒಂದು ಛಾವಣಿಯನ್ನು ಕಟ್ಟಿಸಿಕೊಟ್ಟರೆ ಮಕ್ಕಳ ಆರೋಗ್ಯಕ್ಕೆ ಮಹದುಪಕಾರವಾದೀತು. ಹಳೆಯ ವಿದ್ಯಾರ್ಥಿಗಳು ದೂರದ ನಾಡುಗಳಲ್ಲಿ ಕಲಿತುದನ್ನು ಬಂದು ಕಿರಿಯರಿಗೆ ಹೇಳಿಕೊಡಲಿ. ಮನೆಗೆ ಬಂದ ದಿನ ತಮ್ಮ ಅರಿವೆಯ ಜೊತೆಗೆ ತಾಯಿಯ ಸೀರೆಯನ್ನೂ ಒಗೆದು ಹರವಲಿ.